ಲೇಬರ್ ಡೇ ಸೇಲ್‌ನಲ್ಲಿ ಚಳಿಗಾಲದ ಕೋಟು ಕೊಳ್ಳಬೇಡಿ, ಮನೆ ಸಾಮಾನು ಕೊಳ್ಳಿ

ಆಗಸ್ಟ್ ಕೊನೆಗೆ ಯಜಮಾನರು ಮತ್ತು ಆರು ವರ್ಷದ ಮಗನೊಡನೆ ಮೈಸೂರಿನಿಂದ ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಬರುತ್ತಿದ್ದೀರಿ. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಸೇಲ್‌ನಲ್ಲಿ ಮೂವರಿಗೂ ಚಳಿಗಾಲದ ಕೋಟು, ಮನೆಗೆ ಬೇಕಾದ ಸಾಮಾನು ಎಲ್ಲವನ್ನೂ ಒಟ್ಟಿಗೇ ಕೊಂಡುಬಿಡುವುದಾದರೆ ಮೇಸೀಸ್, ಕೋಲ್ಸ್, ಜೆ.ಸಿ. ಪೆನ್ನಿ ಎಂಬ ದೊಡ್ಡ ಅಂಗಡಿಗಳಲ್ಲಿ ಯಾವುದು ಲಾಭ ಎಂದು ಕೇಳಿದ್ದೀರಿ. ನಾವು ಶಿವಮೊಗ್ಗದಿಂದ ಇದೇ ಊರಿಗೆ, ವರ್ಷದ ಇದೇ ಹೊತ್ತಿಗೆ, ಇದೇ ಲೆಕ್ಕಾಚಾರ ಇಟ್ಟುಕೊಂಡು ಬಂದವರು. ಆದ್ದರಿಂದ ಯಾವ ಅಂಗಡಿ ಎಂಬ ಪ್ರಶ್ನೆಗಿಂತ ಮೊದಲು, ಆ ದಿನ ಕೋಟು ಕೊಳ್ಳಬೇಕೆಂಬ ಯೋಚನೆಯನ್ನೇ ಬಿಡಿ ಎಂದು ಹೇಳಬೇಕಾಗಿದೆ.

ನಾವು ಬಂದು ವಾರ ಕಳೆಯುವಷ್ಟರಲ್ಲಿ ಲೇಬರ್ ಡೇ ಬಂದಿತ್ತು. 1894ರಿಂದ ಇಲ್ಲಿ ರಾಷ್ಟ್ರೀಯ ರಜೆಯಾಗಿರುವ ಈ ಕಾರ್ಮಿಕರ ದಿನವನ್ನು ಜನ ಬೇಸಿಗೆಯ ಕೊನೆಯ ದಿನವೆಂದೇ ಎಣಿಸುತ್ತಾರೆ. ಇಲ್ಲಿನ ಕ್ಯಾಲೆಂಡರ್ ಪ್ರಕಾರ ಶರತ್ಕಾಲ ಶುರುವಾಗಲು ಸೆಪ್ಟೆಂಬರ್ 22 ಅಥವಾ 23 ಬರಬೇಕಾದರೂ ಅಂಗಡಿಗಳಲ್ಲಿ ಅದು ಆಗಸ್ಟ್‌ನಲ್ಲೇ ಬಂದಿರುತ್ತದೆ. ಒಂದು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರಿನ ಜಾಹೀರಾತಿನಲ್ಲಿ ಕೋಟುಗಳ ಮೇಲೆ 60% ರಿಯಾಯಿತಿ, ಕೂಪನ್ ಇದ್ದವರಿಗೆ ಮತ್ತೆ 20% ಎಂದಿತ್ತು. ಅಂಗಡಿಯ ಹೆಸರು ಹೇಳುವುದಿಲ್ಲ, ಏಕೆಂದರೆ ಯಾವ ಅಂಗಡಿಗೆ ಹೋಗಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. 200 ಡಾಲರ್ ಎಂದು ಬರೆದು ಹೊಡೆದುಹಾಕಿದ್ದ ಕೋಟು 80ಕ್ಕೆ ಇಳಿದು, ಕೂಪನ್ ಸೇರಿ 64 ಡಾಲರ್‌ಗೆ ಬಂತು. ಅರವತ್ತಕ್ಕೆ ಇಪ್ಪತ್ತು ಕೂಡಿದರೆ ಎಂಬತ್ತು ಎಂದು ನಾನು ಎಣಿಸಿದ್ದೆ. ಎರಡನೆಯ ರಿಯಾಯಿತಿ ಉಳಿದ ಬೆಲೆಯ ಮೇಲೆ ಮಾತ್ರ ಸಿಗುವುದರಿಂದ ಒಟ್ಟು 68% ಅಷ್ಟೆ. ಆದರೂ 136 ಡಾಲರ್ ಉಳಿಯಿತು ಎಂದು ಮೂವರಿಗೂ ಒಂದೊಂದು ಕೋಟು ಕೊಂಡೆ.

ಆಷಾಢದ ರಿಯಾಯಿತಿಯನ್ನು ನೋಡುತ್ತಾ ಬೆಳೆದವಳಿಗೆ ಇದು ಸಹಜವಾಗಿಯೇ ಕಂಡಿತು. ನಮ್ಮಲ್ಲಿ ಆಷಾಢದಲ್ಲಿ ಮದುವೆ ಮುಂಜಿಗಳಿಲ್ಲ, ಸೀರೆ ಅಂಗಡಿಗೆ ಜನ ಬರುವುದಿಲ್ಲ, ಆದ್ದರಿಂದ ಅಂಗಡಿಯವರು ನಿಜವಾಗಿಯೇ ಬೆಲೆ ಇಳಿಸುತ್ತಾರೆ, ಜಾಣರು ಶ್ರಾವಣದ ವರಮಹಾಲಕ್ಷ್ಮಿಗೆ ಬೇಕಾದದ್ದನ್ನು ಆಗಲೇ ಕೊಂಡಿಡುತ್ತಾರೆ. ಅದೇ ಲೆಕ್ಕವನ್ನು ನಾನು ಇಲ್ಲಿಗೂ ಹಾಕಿದೆ. ಆದರೆ ಆಷಾಢದಲ್ಲಿ ಬೆಲೆ ಇಳಿಯುವುದು ಗಿರಾಕಿ ಇಲ್ಲದ್ದರಿಂದ. ಸೆಪ್ಟೆಂಬರ್‌ನಲ್ಲಿ ಕೋಟಿನ ಗಿರಾಕಿ ಈಗತಾನೇ ಬರತೊಡಗಿರುತ್ತಾನೆ, ಮಾಲು ಹೊಸದಾಗಿ ಬಂದು ನೇತಾಡುತ್ತಿರುತ್ತದೆ, ಅದನ್ನು ಖಾಲಿ ಮಾಡಲೇಬೇಕೆಂಬ ಒತ್ತಡ ಅಂಗಡಿಗೆ ಇರುವುದಿಲ್ಲ. ಆ ಒತ್ತಡ ಹುಟ್ಟುವುದು ವಸಂತದ ಬಟ್ಟೆಗೆ ಜಾಗ ಬೇಕಾಗುವ ಜನವರಿ, ಫೆಬ್ರುವರಿಯಲ್ಲಿ. ಸೆಪ್ಟೆಂಬರ್‌ನಲ್ಲಿ ಅಂಗಡಿಯವರು ಕಳೆದುಕೊಳ್ಳಲು ಕಾದಿರುವುದು ಬೇಸಿಗೆಯ ಮಾಲನ್ನು: ಈಜುಡುಗೆ, ತೆಳು ಹತ್ತಿಯ ಅಂಗಿ, ಚಪ್ಪಲಿ, ಅಂಗಳದ ಕುರ್ಚಿ, ಫ್ಯಾನು.

ಹೊಡೆದುಹಾಕಿದ ಬೆಲೆಯನ್ನು ನಂಬಿದ್ದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಚಳಿಗಾಲದ ಕೋಟನ್ನು ಚಳಿಯೇ ಇಲ್ಲದ ದಿನ ಆರಿಸಿದೆ. ಇದನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಅದೇ ದಿನ ನೀವೂ ಅಂಗಡಿಯ ಕನ್ನಡಿಯ ಮುಂದೆ ನಿಲ್ಲಲಿದ್ದೀರಿ. ಸೆಪ್ಟೆಂಬರ್ ಮೊದಲ ವಾರ ಇಲ್ಲಿ ಮಧ್ಯಾಹ್ನ ಮೈಸೂರಿನ ಹಾಗೆಯೇ ಬೆಚ್ಚಗಿರುವುದುಂಟು. ನಾನು ಹತ್ತಿಯ ಕುರ್ತಾದ ಮೇಲೆ ಕೋಟು ಹಾಕಿ ನೋಡಿದೆ, ಮೈಗೆ ಅಚ್ಚುಕಟ್ಟಾಗಿ ಕೂತಿತು. ಡಿಸೆಂಬರ್‌ನಲ್ಲಿ ಒಳಗೆ ಥರ್ಮಲ್, ಅದರ ಮೇಲೊಂದು ಸ್ವೆಟರ್ ಹಾಕಿದಾಗ ಅದೇ ಕೋಟಿನ ಗುಂಡಿಗಳು ಎದೆಯ ಮೇಲೆ ಸೇರಲಿಲ್ಲ. ಅಂಗಡಿಯಲ್ಲಿ ತೋಳು ಮಣಿಕಟ್ಟಿನವರೆಗೆ ಬಂದದ್ದು ಸಾಕೆನಿಸಿತ್ತು, ಆದರೆ ಕೈ ಚಾಚಿ ಕಂಬಿ ಹಿಡಿದಾಗ ಅದು ಮೇಲಕ್ಕೆ ಸರಿಯಿತು. ತೋಳಿನ ತುದಿಯಲ್ಲಿ ಎಲಾಸ್ಟಿಕ್ ಪಟ್ಟಿಯಾಗಲಿ ಉಣ್ಣೆಯ ಪಟ್ಟಿಯಾಗಲಿ ಇರಲಿಲ್ಲವಾದ್ದರಿಂದ ಗಾಳಿ ನೇರವಾಗಿ ಮೊಣಕೈವರೆಗೆ ನುಗ್ಗುತ್ತಿತ್ತು. ಕೋಟಿಗೆ ಟೋಪಿ ಇರಲಿಲ್ಲ. ಗುಂಡಿಗಳ ಸಂದಿಯಿಂದ ಬರುವ ಗಾಳಿಯನ್ನು ತಡೆಯಲು ಒಳಗೊಂದು ಜಿಪ್ ಇರಬೇಕಿತ್ತು, ಅದೂ ಇರಲಿಲ್ಲ. ಇವುಗಳಲ್ಲಿ ಒಂದನ್ನೂ ಬೆಚ್ಚನೆಯ ಅಂಗಡಿಯೊಳಗೆ ನಾನು ಗಮನಿಸಿರಲಿಲ್ಲ.

ಬಟ್ಟೆಯನ್ನೂ ಕಣ್ಣಿನಿಂದಷ್ಟೇ ನೋಡಿದ್ದೆ. ಮೊಣಕಾಲಿನವರೆಗೆ ಬರುವ ಕಪ್ಪು ಕೋಟು, ಮುಟ್ಟಿದರೆ ಉಣ್ಣೆಯಂತೆಯೇ ಇತ್ತು. ಕತ್ತಿನ ಹಿಂದೆಯೋ ಒಳಗಿನ ಹೊಲಿಗೆಯಲ್ಲೋ ಇರುವ ಪುಟ್ಟ ಪಟ್ಟಿಯಲ್ಲಿ ಯಾವ ನೂಲು ಶೇಕಡಾ ಎಷ್ಟಿದೆ ಎಂದು ಬರೆಯಲೇಬೇಕೆಂದು ಈ ದೇಶದಲ್ಲಿ ಕಾನೂನಿದೆ. ಉಣ್ಣೆಗೆ 1939ರದು, ಉಳಿದ ನೂಲುಗಳಿಗೆ 1958ರದು. ನಾನು ಆ ಪಟ್ಟಿಯನ್ನು ಓದಿದ್ದು ಜನವರಿಯಲ್ಲಿ. ಹೆಚ್ಚಿನ ಪಾಲು ಪಾಲಿಯೆಸ್ಟರ್, ಸ್ವಲ್ಪ ರೇಯಾನ್, ಉಣ್ಣೆ ಹೆಸರಿಗೆ ಮಾತ್ರ. ಚಳಿ ಕಡಿಮೆಯಿರುವ ಅಟ್ಲಾಂಟಾದಂಥ ಊರಿನಲ್ಲಿ ಕಚೇರಿಗೆ ಹೋಗುವವರಿಗೆ ಅದು ಒಳ್ಳೆಯ ಕೋಟೇ ಇರಬಹುದು. ಮಿನಿಯಾಪೊಲಿಸ್‌ನಲ್ಲಿ ಜನವರಿಯ ರಾತ್ರಿಯ ಸರಾಸರಿ ಉಷ್ಣಾಂಶ ಮೈನಸ್ 13 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ, ಗಾಳಿ ಬೀಸಿದರೆ ಮೈಗೆ ತಾಗುವ ಚಳಿ ಅದಕ್ಕಿಂತ ಬಹಳ ಹೆಚ್ಚು. ಇಲ್ಲಿನ ಲೈಟ್ ರೈಲು ನಿಲ್ದಾಣಗಳಲ್ಲಿ ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಉರಿಯುವ ಹೀಟರ್‌ಗಳಿವೆ. ಬೆಳಿಗ್ಗೆ ಅದರಡಿ ನಿಂತಾಗಲೂ ನನ್ನ ಬೆನ್ನು ಬೆಚ್ಚಗಾಗುತ್ತಿರಲಿಲ್ಲ. ಮಗಳು ಚಳಿ ತಡೆಯಲಾರದೆ ಶಾಲೆಯಿಂದ ಅಳುತ್ತಾ ಬಂದ ಸಂಜೆ ನನಗಾದ ಸಂಕಟವನ್ನು ಈಗಲೂ ಮರೆಯಲಾಗಿಲ್ಲ.

ಹಿಂದಿರುಗಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಮೆರಿಕದ ಅಂಗಡಿಗಳು ಕೊಂಡದ್ದನ್ನು ವಾಪಸು ತೆಗೆದುಕೊಳ್ಳುತ್ತವೆ ಎಂಬ ಮಾತನ್ನು ಊರಿನಿಂದ ಹೊರಡುವಾಗಲೇ ಕೇಳಿದ್ದೆ, ಆ ಧೈರ್ಯದಲ್ಲಿಯೇ ಕೊಂಡಿದ್ದೆ. ಆದರೆ ಅದಕ್ಕೆ ಒಂದೊಂದು ಅಂಗಡಿಯಲ್ಲಿ ಒಂದೊಂದು ಗಡುವಿರುತ್ತದೆ, ಕ್ಲಿಯರೆನ್ಸ್ ಮಾಲಿಗೆ ಕೆಲವೆಡೆ ಬೇರೆಯೇ ನಿಯಮ, ಟ್ಯಾಗ್ ಕಿತ್ತಿರಬಾರದು ಎಂಬ ಷರತ್ತು ಬೇರೆ. ನಾವು ಕೊಂಡ ಅಂಗಡಿಯ ಗಡುವು ಅಕ್ಟೋಬರ್‌ನಲ್ಲೇ ಮುಗಿದಿತ್ತು, ನಿಜವಾದ ಚಳಿ ಬಂದದ್ದು ಡಿಸೆಂಬರ್‌ನಲ್ಲಿ. ಪರೀಕ್ಷೆ ಮಾಡಲು ಸಾಧ್ಯವಾಗುವ ಮೊದಲೇ ವಾಪಸು ಕೊಡುವ ದಾರಿ ಮುಚ್ಚಿತ್ತು. ಕಡೆಗೆ ಜನವರಿ ಕೊನೆಯ ಕ್ಲಿಯರೆನ್ಸ್‌ನಲ್ಲಿ ಬಾತುಕೋಳಿಯ ಮೆದುಗರಿ ತುಂಬಿದ, ತೊಡೆ ಮುಚ್ಚುವ, ಟೋಪಿಯಿರುವ ಡೌನ್ ಕೋಟನ್ನು ಕೊಂಡೆ. ಸೆಪ್ಟೆಂಬರ್‌ನ ಕೋಟಿಗೆ ಕೊಟ್ಟದ್ದಕ್ಕಿಂತ ಕೆಲವೇ ಡಾಲರ್ ಹೆಚ್ಚು ಬಿತ್ತು. ಉಳಿಸಿದೆ ಎಂದುಕೊಂಡಿದ್ದ 136 ಡಾಲರ್ ಎಂದೂ ನನ್ನ ಕೈಯಲ್ಲಿ ಇರಲೇ ಇಲ್ಲ ಎಂಬುದು ಆಗ ಅರ್ಥವಾಯಿತು.

ಹೊಡೆದುಹಾಕಿದ ಬೆಲೆಯ ಬಗ್ಗೆ ಇನ್ನೊಂದು ಮಾತು. ಹಿಂದೆ ಸಾಕಷ್ಟು ಕಾಲ ಪ್ರಾಮಾಣಿಕವಾಗಿ ಮಾರಾಟಕ್ಕಿಟ್ಟಿದ್ದ ಬೆಲೆಯನ್ನೇ ಹಳೆಯ ಬೆಲೆಯೆಂದು ತೋರಿಸಬೇಕು ಎಂದು ವ್ಯಾಪಾರದ ಮೇಲೆ ಕಣ್ಣಿಡುವ ಇಲ್ಲಿನ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗಸೂಚಿ ಹೇಳುತ್ತದೆ. ಆದರೂ ವರ್ಷವಿಡೀ ಒಂದಲ್ಲ ಒಂದು ಸೇಲ್ ನಡೆಯುವ ವ್ಯಾಪಾರದಲ್ಲಿ ಪೂರ್ಣ ಬೆಲೆ ಕೊಟ್ಟು ಕೊಳ್ಳುವವರು ಕಡಿಮೆ. 2012ರಲ್ಲಿ ಜೆ.ಸಿ. ಪೆನ್ನಿಯ ಮುಖ್ಯಸ್ಥರಾಗಿದ್ದ ರಾನ್ ಜಾನ್ಸನ್ ಕೂಪನ್‌ಗಳನ್ನೂ ಮೇಲಿಂದ ಮೇಲೆ ಬರುವ ಸೇಲ್‌ಗಳನ್ನೂ ತೆಗೆದುಹಾಕಿ, ಮೊದಲ ದಿನದಿಂದಲೇ ಇಳಿಸಿದ ಬೆಲೆ ಬರೆಯುವ ಪದ್ಧತಿ ತಂದರು. ಆ ವರ್ಷ ಕಂಪನಿಯ ಮಾರಾಟ ಸುಮಾರು 25% ಕುಸಿಯಿತು, 2013ರ ಏಪ್ರಿಲ್‌ನಲ್ಲಿ ಅವರು ಹುದ್ದೆ ಬಿಡಬೇಕಾಯಿತು, ಕೂಪನ್‌ಗಳು ಮರಳಿ ಬಂದವು. ರಿಯಾಯಿತಿಯ ಅಂಕಿ ಕಾಣದಿದ್ದರೆ ಕೊಳ್ಳುವವರಿಗೇ ಸಮಾಧಾನವಿಲ್ಲ. ಆದ್ದರಿಂದ ಆ ಅಂಕಿಯನ್ನು ಓದಲೇಬೇಡಿ, ಕೊನೆಗೆ ಕೊಡಬೇಕಾದ ಮೊತ್ತವನ್ನು ಮಾತ್ರ ನೋಡಿ, ಈ ವಸ್ತುವಿಗೆ ಇಷ್ಟು ಕೊಡಬಹುದೇ ಎಂದು ಕೇಳಿಕೊಳ್ಳಿ. 50 ಡಾಲರ್ ಖರ್ಚಿಗೆ 10 ಡಾಲರ್‌ನಂತೆ ಸಿಗುವ ಕೋಲ್ಸ್ ಕ್ಯಾಶ್ ಎಂಬ ಕೂಪನ್ ಕೂಡ ನಿಗದಿತ ದಿನಗಳೊಳಗೆ ಮತ್ತೆ ಅಲ್ಲಿಗೇ ಹೋಗಿ ಖರ್ಚು ಮಾಡಬೇಕಾದದ್ದು. ಬೇಕಾದ ವಸ್ತು ಮೊದಲೇ ಗೊತ್ತಿದ್ದರೆ ಅದು ಉಪಯೋಗ, ಇಲ್ಲದಿದ್ದರೆ ಬೇಡದ ಸಾಮಾನು ಮನೆಗೆ ಬರುತ್ತದೆ. ಗಲ್ಲಾದ ಬಳಿ ಸ್ಟೋರ್ ಕಾರ್ಡ್, ಅಂದರೆ ಅಂಗಡಿಯದೇ ಕ್ರೆಡಿಟ್ ಕಾರ್ಡ್, ಮಾಡಿಸಿಕೊಳ್ಳಿ ಎಂದರೆ ಬೇಡ ಎನ್ನಿ. ಹೊಸಬರಿಗೆ ಅದು ಸುಲಭವಾಗಿ ಮಂಜೂರಾಗುವುದಿಲ್ಲ, ಮಂಜೂರಾದರೂ ಬಡ್ಡಿ ವರ್ಷಕ್ಕೆ 30%ರ ಹತ್ತಿರ ಇರುತ್ತದೆ.

ಈಗ ಮನೆ ಸಾಮಾನು. ಇದಕ್ಕೆ ಸೆಪ್ಟೆಂಬರ್ ನಿಜಕ್ಕೂ ಒಳ್ಳೆಯ ಕಾಲ, ಇಲ್ಲಿ ಆಷಾಢದ ಲೆಕ್ಕ ಸರಿಹೋಗುತ್ತದೆ. ವಿಶ್ವವಿದ್ಯಾಲಯದ ತರಗತಿಗಳು ಲೇಬರ್ ಡೇ ಹೊತ್ತಿಗೆ ಶುರುವಾಗುತ್ತವೆ. ಹಾಸ್ಟೆಲಿಗೆ ಹೋಗುವ ಮಕ್ಕಳಿಗಾಗಿ ಅಂಗಡಿಗಳು ತರಿಸಿದ್ದ ಟವೆಲ್, ಬಟ್ಟೆ ಬುಟ್ಟಿ, ಮೇಜಿನ ದೀಪ, ಪ್ಲಾಸ್ಟಿಕ್ ಡಬ್ಬಿಗಳು ಆಮೇಲೆ ಉಳಿದುಬಿಡುತ್ತವೆ, ಆಗ ಬೆಲೆ ನಿಜವಾಗಿಯೇ ಇಳಿಯುತ್ತದೆ. ಆದರೆ ಅದೇ ರಾಶಿಯಲ್ಲಿರುವ ಟ್ವಿನ್ ಎಕ್ಸ್‌ಎಲ್ ಹಾಸುಬಟ್ಟೆಯನ್ನು ಎಕ್ಸ್‌ಎಲ್ ಎಂಬ ಅಕ್ಷರ ನೋಡಿ ದೊಡ್ಡ ಮಂಚದ್ದೆಂದು ತರಬೇಡಿ. ಅದು 38 ಇಂಚು ಅಗಲ, 80 ಇಂಚು ಉದ್ದದ ಒಬ್ಬರೇ ಮಲಗುವ ಹಾಸಿಗೆಯದು. ಇಬ್ಬರಿಗೆ ಬೇಕಾದ ಕ್ವೀನ್ 60 ಇಂಚು ಅಗಲ, 80 ಇಂಚು ಉದ್ದ. ಇಲ್ಲಿನ ಹಾಸಿಗೆಗಳು ಬಹಳ ದಪ್ಪವಾಗಿರುವುದರಿಂದ ಊರಿನಿಂದ ತಂದ ಬೆಡ್‌ಶೀಟ್ ಅಂಚಿನಲ್ಲಿ ನಿಲ್ಲುವುದಿಲ್ಲ. ಸೂಟ್‌ಕೇಸಿನ ತೂಕವನ್ನು ಅದಕ್ಕೆ ವ್ಯರ್ಥ ಮಾಡದೆ ಹಾಸಿಗೆ ಮನೆಗೆ ಬಂದ ಮೇಲೆ ಅದರ ದಪ್ಪ ಅಳೆದು ಇಲ್ಲಿಯೇ ಕೊಳ್ಳಿ. ಹಾಸಿಗೆಗೂ ಲೇಬರ್ ಡೇ ಒಳ್ಳೆಯ ದಿನವೇ, ಆದರೆ ಒಂದೇ ಕಂಪನಿಯ ಹಾಸಿಗೆಗೆ ಬೇರೆ ಬೇರೆ ಅಂಗಡಿಗಳಲ್ಲಿ ಬೇರೆ ಬೇರೆ ಹೆಸರಿರುವುದುಂಟು. ಹೆಸರು ನೋಡಿ ಹೋಲಿಸುವ ಬದಲು ಮಲಗಿ ನೋಡಿ.

ಪಾತ್ರೆಯ ಸೆಟ್‌ಗಳಲ್ಲಿ ಮುಚ್ಚಳಗಳನ್ನೂ ಲೆಕ್ಕಕ್ಕೆ ಸೇರಿಸಿ ಹತ್ತು, ಹನ್ನೆರಡು ಎಂದು ಬರೆದಿರುತ್ತಾರೆ. ನಮ್ಮ ಅಡುಗೆಗೆ ಒಂದು ಅಗಲವಾದ ಬಾಣಲೆ, ಸಾರಿಗೊಂದು ಆಳವಾದ ಪಾತ್ರೆ, ಒಂದು ದಪ್ಪ ತವಾ ಬಿಡಿಯಾಗಿ ಕೊಂಡರೆ ಸಾಕು. ಕುಕ್ಕರನ್ನು ಊರಿನಿಂದಲೇ ತನ್ನಿ, ಆದರೆ ಅನೇಕ ಬಾಡಿಗೆ ಮನೆಗಳಲ್ಲಿ ಗಾಜಿನ ಮೈಯ ವಿದ್ಯುತ್ ಒಲೆ ಇರುವುದರಿಂದ ತಳ ಸಮತಟ್ಟಾಗಿರಲಿ. ಊರಿನ ಮಿಕ್ಸಿಯನ್ನು ಮಾತ್ರ ತರಬೇಡಿ. ಇಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮದು 230, ಅದು ಇಲ್ಲಿ ಸರಿಯಾಗಿ ತಿರುಗುವುದಿಲ್ಲ. 110 ವೋಲ್ಟ್‌ನದೆಂದೇ ಮಾಡಿರುವ ಭಾರತೀಯ ಮಿಕ್ಸಿಗಳು ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಮಿನಿಯಾಪೊಲಿಸ್‌ನಲ್ಲಿ ಮನೆ ಸಾಮಾನಿನ ಮೇಲೆ ಸುಮಾರು 9% ಮಾರಾಟ ತೆರಿಗೆ ಬೀಳುತ್ತದೆ, ಅದು ಟ್ಯಾಗಿನ ಬೆಲೆಯಲ್ಲಿ ಸೇರಿರುವುದಿಲ್ಲ. ಬಟ್ಟೆಗೆ ಮಿನೆಸೋಟದಲ್ಲಿ ಮಾರಾಟ ತೆರಿಗೆಯೇ ಇಲ್ಲ. ತೆರಿಗೆ ಉಳಿಸುವ ನೆಪದಲ್ಲೂ ಕೋಟಿಗೆ ಆತುರಪಡುವ ಕಾರಣವಿಲ್ಲ ಎಂದಾಯಿತು.

ಸೆಪ್ಟೆಂಬರ್ ಮತ್ತು ಅಕ್ಟೋಬರ್ ಅರ್ಧದವರೆಗೆ ಮೈಸೂರಿನಿಂದ ತಂದ ಸ್ವೆಟರ್ ಮತ್ತು ಒಂದು ತೆಳು ಜಾಕೆಟ್ ಸಾಕಾಗುತ್ತದೆ. ಅಕ್ಟೋಬರ್ ಕೊನೆಯಿಂದ ನವೆಂಬರ್ 11ರ ವೆಟರನ್ಸ್ ಡೇ (ಮಾಜಿ ಸೈನಿಕರ ದಿನ) ಸೇಲ್‌ನವರೆಗೆ ದೊಡ್ಡವರ ಕೋಟು ಹುಡುಕಿ. ಹೋಗುವಾಗ ನಿಮ್ಮ ಅತ್ಯಂತ ದಪ್ಪ ಸ್ವೆಟರ್ ತೊಟ್ಟು ಹೋಗಿ, ಅದರ ಮೇಲೆ ಕೋಟು ಹಾಕಿ, ಕೈ ಎರಡನ್ನೂ ಮೇಲೆತ್ತಿ ನೋಡಿ. ಗಡುವನ್ನು ಬಿಲ್ಲಿನ ಹಿಂದೆ ಓದಿಕೊಂಡು, ಗಾಳಿಯಲ್ಲಿ ನಿಂತು ನೋಡುವವರೆಗೆ ಟ್ಯಾಗ್ ಕೀಳಬೇಡಿ. ಮೊದಲ ಚಳಿಗಾಲದ ಕೋಟಿನಲ್ಲಿ ಹಣ ಉಳಿಸಲು ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಣಕ್ಕೆ ನಿಜವಾಗಿ ಬಿಗಿಯಿದ್ದರೆ ಗುಡ್‌ವಿಲ್‌ನಂಥ ಹಳೆಯ ಬಟ್ಟೆಯ ಅಂಗಡಿಗೆ ಹೋಗಿ. ಈ ಊರಿನವರು ತೊಟ್ಟು ಬಿಟ್ಟ ಕೋಟು ಈ ಊರಿನ ಚಳಿಯನ್ನು ಕಂಡದ್ದು, ಅದನ್ನು ಕೊಳ್ಳುವುದರಲ್ಲಿ ಯಾವ ಸಂಕೋಚವೂ ಬೇಡ.

ನಿಮ್ಮ ಮಗನ ವಿಷಯದಲ್ಲಿ ಮಾತ್ರ ನವೆಂಬರ್‌ವರೆಗೆ ಕಾಯಬೇಡಿ. ಇಲ್ಲಿನ ಶಾಲೆಗಳು ಹಿಮ ಬಿದ್ದ ದಿನವೂ ಮಕ್ಕಳನ್ನು ಬಯಲಿಗೆ ಆಟಕ್ಕೆ ಬಿಡುತ್ತವೆ. ಕೋಟಿನ ಜೊತೆಗೆ ಸ್ನೋ ಪ್ಯಾಂಟ್, ಬೂಟು, ನೀರು ಹಿಡಿಯದ ಕೈಗವಸು ಎಲ್ಲವೂ ಬೇಕು, ಮತ್ತು ಆ ವಯಸ್ಸಿನ ಅಳತೆಗಳು ಮೊದಲ ಹಿಮ ಬಿದ್ದ ವಾರದಲ್ಲೇ ಖಾಲಿಯಾಗುತ್ತವೆ. ಸೆಪ್ಟೆಂಬರ್ ಕೊನೆಯಲ್ಲಿ, ರಿಯಾಯಿತಿ ಇದ್ದರೂ ಇಲ್ಲದಿದ್ದರೂ, ಗಡುವು ಉದ್ದವಿರುವ ಅಂಗಡಿಯಿಂದ ಕೊಳ್ಳಿ. ಕೋಟು ಮತ್ತು ಪ್ಯಾಂಟು ಒಂದು ಅಳತೆ ದೊಡ್ಡದಿರಲಿ. ಬೂಟಿನೊಳಗೆ ದಪ್ಪ ಕಾಲುಚೀಲ ಹಿಡಿಯುವಷ್ಟು ಜಾಗ ಸಾಕು, ಅದಕ್ಕಿಂತ ದೊಡ್ಡದಾದರೆ ಹಿಮದಲ್ಲಿ ಮಗು ಎಡವುತ್ತದೆ. ಕೈಗವಸನ್ನು ಎರಡು ಜೊತೆ ಕೊಳ್ಳಿ, ಒಂದು ಒದ್ದೆಯಾಗಿ ಒಣಗುವಷ್ಟರಲ್ಲಿ ಇನ್ನೊಂದು ಬೇಕಾಗುತ್ತದೆ.