ಗುಡಿಸಿದ ಓಣಿಗೆ ಕಸ ಮತ್ತೆ ಬರುವುದೇಕೆ?

ಪ್ರಶ್ನೆ: ನಮ್ಮ ನಿವಾಸಿಗಳ ಸಂಘದವರು ಆಗಾಗ ಭಾನುವಾರ ಸೇರಿ ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಯನ್ನು ಶುಚಿಗೊಳಿಸುತ್ತೇವೆ. ವಾರ ಕಳೆಯುವುದರೊಳಗೆ ಅಲ್ಲಿ ಮತ್ತೆ ಕಸದ ಚೀಲಗಳು ಬಿದ್ದಿರುತ್ತವೆ. ಇಂಥ ಶ್ರಮದಾನದಿಂದ ಪ್ರಯೋಜನವುಂಟೇ?
– ಓದುಗರೊಬ್ಬರು, ಲಕ್ಷ್ಮೀಪುರಂ, ಮೈಸೂರು

ಉತ್ತರ: ಉಂಟು, ಗುಡಿಸುವ ಮೊದಲು ಅಲ್ಲಿ ಬಿದ್ದಿರುವುದು ಯಾವ ಕಸವೆಂದು ನೋಡುವುದಾದರೆ. ಪ್ಲೇಗಿನ ಹಾವಳಿಯ ನಂತರ, 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾದ ಆ ಕಾಲದ ಬಡಾವಣೆಗಳಲ್ಲಿ, ಮಲ ಸಾಗಿಸುವವರು ಬಂದುಹೋಗಲೆಂದು ಮನೆಗಳ ಹಿಂದೆ ಇಂಥ ಓಣಿಗಳನ್ನು ಬಿಡಲಾಗುತ್ತಿತ್ತು. ಒಳಚರಂಡಿ ಬಂದ ಮೇಲೆ ಆ ಕೆಲಸ ನಿಂತಿತು. ಯಾರ ಮನೆಯ ಬಾಗಿಲೂ ಅತ್ತ ತೆರೆಯದ ಕಾರಣ ಓಣಿ ಯಾರ ಕಣ್ಣಿಗೂ ಬೀಳದ ಜಾಗವಾಯಿತು.

ಗಂಟು ಕಟ್ಟಿದ ಚೀಲದಲ್ಲಿ ಅಡುಗೆಮನೆಯ ಕಸವಿದ್ದರೆ, ಕಸದ ಗಾಡಿ ಬರುವ ವೇಳೆಗೆ ಮನೆಯಲ್ಲಿರದವರು, ಅಂದರೆ ಬಾಡಿಗೆ ಕೋಣೆಯ ವಿದ್ಯಾರ್ಥಿಗಳು ಅಥವಾ ಬೆಳಗ್ಗೆಯೇ ಕೆಲಸಕ್ಕೆ ಹೊರಡುವವರು, ಅದನ್ನು ಎಸೆದಿರುವ ಸಂಭವ ಹೆಚ್ಚು. ಅಂಥವರನ್ನು ಬೈಯುವುದಕ್ಕಿಂತ ಗಾಡಿಯ ವೇಳೆ ಬದಲಿಸುವಂತೆ ಕೇಳುವುದು ಮೇಲು. ಕಾಗದದ ಲೋಟ, ಊಟದ ಎಲೆಗಳ ರಾಶಿಯಿದ್ದರೆ ಹತ್ತಿರದ ತಿಂಡಿ ಗಾಡಿಯವರೊಡನೆ ಮಾತನಾಡಬೇಕು. ಒಡೆದ ಟೈಲ್ಸ್, ಗಾರೆ ಸಿಕ್ಕರೆ ಕಟ್ಟಡ ಕೆಲಸ ನಡೆಯುತ್ತಿರುವ ಮನೆ ಯಾವುದೆಂದು ನಿಮಗೇ ಗೊತ್ತಿರುತ್ತದೆ.

ಭಾನುವಾರಕ್ಕೆ ಮುಂಚೆಯೇ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ತಿಳಿಸಿ, ಅದೇ ದಿನ ವಾಹನ ಬರುವಂತೆ ಮಾಡಿಕೊಳ್ಳಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಮೂರು ಬಗೆ ಮಾಡಿದ್ದವು; ಅವುಗಳ ಬದಲಿಗೆ ಬಂದ 2026ರ ನಿಯಮಗಳು ಹಸಿ, ಒಣ, ಸ್ಯಾನಿಟರಿ (ಪ್ಯಾಡ್, ಡೈಪರ್‌ನಂಥದು) ಮತ್ತು ವಿಶೇಷ ಎಚ್ಚರಿಕೆ ಬೇಕಾದ ಕಸವೆಂದು ನಾಲ್ಕು ಬಗೆ ಮಾಡಿರುವುದರಿಂದ ಸ್ಥಳದಲ್ಲಿಯೇ ಬೇರೆ ಬೇರೆ ಚೀಲಗಳಿಗೆ ತುಂಬಿ. ಕಟ್ಟಡದ ಅವಶೇಷವನ್ನು ಇವುಗಳೊಡನೆ ಬೆರೆಸಬೇಡಿ. ಬೇರ್ಪಡಿಸಿದ ಕಸ ಕುಂಬಾರಕೊಪ್ಪಲಿನಲ್ಲಿರುವಂಥ ಘಟಕಗಳಲ್ಲಿ ಗೊಬ್ಬರವಾಗಬಲ್ಲದು, ಗುಜರಿಗೆ ಮಾರಾಟವಾಗಬಲ್ಲದು. ಬೆರೆತದ್ದು ವಿದ್ಯಾರಣ್ಯಪುರಂನ ಸೂಯೇಜ್ ಫಾರಂನ ಕಸದ ಗುಡ್ಡಕ್ಕೆ ಸೇರಿದರೆ ಲಕ್ಷ್ಮೀಪುರದ ದುರ್ವಾಸನೆಯನ್ನು ಇನ್ನೊಂದು ಬಡಾವಣೆಗೆ ಕಳುಹಿಸಿದಂತಾಯಿತಷ್ಟೆ. (2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ಮೊದಲ ಸ್ಥಾನ ಪಡೆದುದನ್ನು ನಾವು ಈಗಲೂ ಹೇಳಿಕೊಳ್ಳುತ್ತೇವೆ, ಅದರ ಶ್ರೇಯಸ್ಸಿನ ದೊಡ್ಡ ಪಾಲು ದಿನವೂ ಬರುವ ಪೌರಕಾರ್ಮಿಕರದು.)

ಉತ್ಸಾಹದಲ್ಲಿ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಯಾರೂ ಇಳಿಯಬಾರದು, ಪೌರಕಾರ್ಮಿಕರನ್ನೂ ಇಳಿಸಬಾರದು. ಒಳಗಿನ ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯಬಲ್ಲದು; ರಕ್ಷಣಾ ವ್ಯವಸ್ಥೆಯಿಲ್ಲದೆ ಹಾಗೆ ಕೆಲಸ ಮಾಡಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ.

ಪ್ರಶ್ನೆ: ಉದ್ಯಾನದಲ್ಲಿ ಗುಡಿಸಿದ ಒಣ ಎಲೆಯನ್ನು ಅಲ್ಲೇ ಸುಡಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಸುಡಬಾರದು, ಮೇಲೆ ಹೇಳಿದ ಘನತ್ಯಾಜ್ಯ ನಿಯಮಗಳೇ ಅದನ್ನು ತಡೆಯುತ್ತವೆ. ಉದ್ಯಾನದ ಮೂಲೆಯಲ್ಲಿ ಗುಂಡಿ ತೋಡಿ, ಎಲೆಯ ಪ್ರತಿ ಪದರದ ಮೇಲೂ ಸಗಣಿ ನೀರು ಚಿಮುಕಿಸಿ, ತೇವ ಆರದಂತೆ ನೋಡಿಕೊಂಡರೆ ಕೆಲವು ತಿಂಗಳಲ್ಲಿ ಅಲ್ಲಿನ ಗಿಡಗಳಿಗೆ ಬೇಕಾದ ಗೊಬ್ಬರ ಸಿಗುತ್ತದೆ. ಎಲೆಯೊಡನೆ ಸೇರಿಕೊಂಡ ಗುಟ್ಕಾ ಚೀಟಿಗಳನ್ನು ಮೊದಲೇ ಆರಿಸಿ ತೆಗೆಯಿರಿ.