ಹಳೇ ಫ್ರಿಜ್ಜು, ಹಳೇ ಫ್ಯಾನು: ಮೊದಲು ಯಾವುದನ್ನು ಬದಲಿಸಲಿ?

ಪ್ರಶ್ನೆ: ನಮ್ಮ ಫ್ರಿಜ್ 1998ರದ್ದು. ಒಂದೇ ಬಾಗಿಲು, 165 ಲೀಟರ್. ಇವತ್ತಿಗೂ ಚೆನ್ನಾಗಿ ಐಸ್ ಕಟ್ಟುತ್ತದೆ. ಎರಡು ಫ್ಯಾನ್ ಅದಕ್ಕೂ ಹಳೆಯವು, ಮಿಕ್ಸಿಯೂ ಹಾಗೇ. ಮಗ ಎಲ್ಲವನ್ನೂ ಎಕ್ಸ್‌ಚೇಂಜ್‌ಗೆ ಹಾಕಿ ಫೈವ್ ಸ್ಟಾರ್ ತರೋಣ ಅಂತಾನೆ. ಈಗಿನವು ಐದು ವರ್ಷ ಬಾಳಿದರೆ ಹೆಚ್ಚು ಅಂತ ಅತ್ತೆ. ಗೃಹಜ್ಯೋತಿಯಲ್ಲಿ ನಮಗೆ 170 ಯೂನಿಟ್ ಉಚಿತ, ಬೇಸಿಗೆಯಲ್ಲಿ 210 ಆಗಿ ಪೂರ್ತಿ ಬಿಲ್ ಬರುತ್ತದೆ. ಏನು ಮಾಡಲಿ?
- ಓದುಗರು, ದಾವಣಗೆರೆ

ಉತ್ತರ: ಅತ್ತೆ, ಮಗ ಇಬ್ಬರೂ ವಸ್ತುವಿನ ವಯಸ್ಸು ಹಿಡಿದುಕೊಂಡು ಕೂತಿದ್ದಾರೆ. ನೀವು ಅದು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಅಂತ ನೋಡಿ.

ಮಿಕ್ಸಿ ವಿಷಯ ಬಿಟ್ಟುಬಿಡಿ. ದಿನಕ್ಕೆ ಹತ್ತು ನಿಮಿಷ ಚಟ್ನಿ, ಮಸಾಲೆ ರುಬ್ಬುವುದಕ್ಕೆ ಹೊಸದು ತಂದರೂ ಬಿಲ್ ಅಲ್ಲಾಡುವುದಿಲ್ಲ. ಬ್ಲೇಡು, ಕಪ್ಲರ್ ಬದಲಿಸಿಕೊಂಡು ಅದು ನಡೆಯುವಷ್ಟು ದಿನ ನಡೆಸಿ.

ಫ್ಯಾನ್‌ಗೆ ಬನ್ನಿ. ಹಳೇ ಫ್ಯಾನ್ ಫುಲ್ ಸ್ಪೀಡಿನಲ್ಲಿ ಸುಮಾರು 75 ವ್ಯಾಟ್ ಎಳೆಯುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನದ್ದು) 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 16 ಯೂನಿಟ್ ಉಳಿತಾಯ, ಎರಡಕ್ಕೆ 32. ಈಗ ನಿಮ್ಮ ಬೇಸಿಗೆ ಬಿಲ್ಲಿಗೆ ಇದನ್ನು ಹಚ್ಚಿ: 210 ಹೋಗಿ 178 ಆಯಿತು. 200 ದಾಟಿದರೆ ತಾನೇ ಪೂರ್ತಿ ಬಿಲ್? ಯೂನಿಟ್‌ಗೆ 6 ರೂಪಾಯಿ ಅಂತ ಇಟ್ಟುಕೊಂಡರೆ ಆ ತಿಂಗಳು 1,260 ರೂಪಾಯಿ ಕಟ್ಟುತ್ತಿದ್ದವರು, ಉಚಿತ ಮಿತಿ ಮೀರಿದ ಬರೀ 8 ಯೂನಿಟ್‌ಗೆ ಕಟ್ಟುತ್ತೀರಿ. ಇದೇ ಲೆಕ್ಕ ಉಲ್ಟಾನೂ ಆಗುತ್ತದೆ ನೋಡಿ. ವರ್ಷಪೂರ್ತಿ ಸೊನ್ನೆ ಬಿಲ್ ಬರುವ ಮನೆಯವರು ಹೊಸ ಫ್ಯಾನ್ ಹಾಕಿದರೆ ಕರೆಂಟ್ ಉಳಿಯುತ್ತದೆ ನಿಜ, ಅವರ ಜೇಬಿಗೆ ಮಾತ್ರ ಒಂದು ಪೈಸೆಯೂ ಬರುವುದಿಲ್ಲ. ಯುಪಿಎಸ್ ಇದ್ದವರಿಗೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ, ಅಷ್ಟೇ.

ಫ್ರಿಜ್ ದಿನದ 24 ಗಂಟೆಯೂ ಪ್ಲಗ್‌ನಲ್ಲೇ ಇರುವಂಥದ್ದು, ಹಾಗಾಗಿ ಅದನ್ನು ಅಳೆದೇ ನೋಡಬೇಕು. ಮುಂದಿನ ಸಲ ಎರಡು ದಿನ ಊರಿಗೆ ಹೋಗುವಾಗ ಯುಪಿಎಸ್, ಟಿವಿ, ಸೆಟ್‌ಟಾಪ್ ಬಾಕ್ಸ್ ಎಲ್ಲ ಆಫ್ ಮಾಡಿ, ಫ್ರಿಜ್ ಒಂದನ್ನೇ ಬಿಟ್ಟು, ಬೀಗ ಹಾಕುವ ಮುಂಚೆ ಮೀಟರ್ ಫೋಟೋ ತೆಗೆದುಕೊಳ್ಳಿ. ಬಂದ ತಕ್ಷಣ ಇನ್ನೊಂದು. ಬಾಗಿಲು ತೆಗೆದು ಹಾಕಿ ಮಾಡದೆಯೇ ದಿನಕ್ಕೆ ಎರಡು ಯೂನಿಟ್ ಮೇಲೆ ತಿಂದಿದ್ದರೆ ಅದರ ಕಾಲ ಮುಗಿಯಿತು ಅಂತಲೇ ಲೆಕ್ಕ. ವರ್ಷಕ್ಕೆ 200 ಯೂನಿಟ್‌ಗಿಂತ ಕಡಿಮೆ ಅಂತ ಸ್ಟಿಕ್ಕರ್‌ನಲ್ಲೇ ಬರೆದಿರುವ ಚಿಕ್ಕ ಫ್ರಿಜ್‌ಗಳು ಈಗ ಸಿಗುತ್ತವೆ. ಅಂಗಡಿಯಲ್ಲಿ ನಕ್ಷತ್ರ ಎಣಿಸಬೇಡಿ, ಈ ಸಂಖ್ಯೆ ಓದಿ. ಸ್ಟಾರ್ ಕೊಡುವ ನಿಯಮ ಆಗಾಗ ಬಿಗಿಯಾಗುತ್ತಿರುತ್ತದೆ, ಹಳೇ ಸ್ಟಾಕಿನ ಐದು ಸ್ಟಾರ್ ಇವತ್ತಿನ ಐದು ಸ್ಟಾರ್ ಆಗಿರಬೇಕೆಂದಿಲ್ಲ.

ಒಂದೂವರೆ ಯೂನಿಟ್ ಒಳಗಿದ್ದರೆ ಸದ್ಯಕ್ಕೆ ಇರಲಿ ಬಿಡಿ. ಬಾಗಿಲಿನ ರಬ್ಬರ್ ಮಾತ್ರ ಪರೀಕ್ಷೆ ಮಾಡಿ. ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ, ಎಳೆದರೆ ಸಲೀಸಾಗಿ ಬಂದುಬಿಟ್ಟರೆ ರಬ್ಬರ್ ಸಡಿಲವಾಗಿದೆ. ಆದರೆ ಗ್ಯಾಸ್ ಲೀಕ್ ಆದ ದಿನ ರಿಪೇರಿಗೆ ದುಡ್ಡು ಸುರಿಯಬೇಡಿ. ಆ ಕಾಲದ ಎಷ್ಟೋ ಫ್ರಿಜ್‌ಗಳಲ್ಲಿದ್ದ ಆರ್-12 ಗ್ಯಾಸ್ ಓಝೋನ್ ಪದರಕ್ಕೆ ಹಾನಿ ಅಂತ ನಿಂತುಹೋಗಿ ಬಹಳ ವರ್ಷವಾಯಿತು. ಮತ್ತೆ, ಹೊಸದು ತಂದ ಮೇಲೆ ಹಳೆಯದನ್ನು ಹಿತ್ತಲಿನ ಕೋಣೆಯಲ್ಲಿ ಹೂವು, ಹಾಲು ಇಡೋಕೆ ಅಂತ ಓಡಿಸಬೇಡಿ. ಹೀಗೆ ಮಾಡುವ ಮನೆಗಳೇ ಜಾಸ್ತಿ!

ಪ್ರಶ್ನೆ: ರಿಮೋಟ್ ಇರುವ ಹೊಸ ಫ್ಯಾನ್ ಒಂದೇ ಮಳೆಗಾಲಕ್ಕೆ ನಿಂತಿತು. ಹಳೆಯದನ್ನೇ ಮತ್ತೆ ಹಾಕಲಾ?
- ಓದುಗರು, ತೀರ್ಥಹಳ್ಳಿ

ಉತ್ತರ: ಹಳೇ ಫ್ಯಾನ್ ಕೆಟ್ಟರೆ ಕಂಡೆನ್ಸರ್, ಬೇರಿಂಗ್, ತೀರಾ ಅಂದರೆ ವೈಂಡಿಂಗ್. ಮೂರೂ ನಿಮ್ಮೂರಲ್ಲೇ ಆಗುವ ಕೆಲಸ. ನಿಮ್ಮ ರಿಮೋಟ್ ಫ್ಯಾನ್‌ನಂಥ ಬಿಎಲ್‌ಡಿಸಿಯ ಹೊಟ್ಟೆಯಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ, ಸಿಡಿಲಿಗೆ, ಏರಿಳಿಯುವ ವೋಲ್ಟೇಜಿಗೆ ಮೊದಲು ಹೋಗುವುದು ಅದೇ. ವಾರಂಟಿ ಇದ್ದರೆ ಬೋರ್ಡ್ ಬದಲಿಸಿಕೊಡುವಂತೆ ಕೇಳಿ. ಗೋಡೆಯ ಹಳೇ ರೆಗ್ಯುಲೇಟರ್ ಇನ್ನೂ ಅದೇ ಲೈನಿನಲ್ಲಿದ್ದರೆ ತೆಗೆಸಿ, ಈ ಫ್ಯಾನ್‌ಗೆ ಅದು ಆಗಿಬರುವುದಿಲ್ಲ. ಗುಡುಗು ಶುರುವಾದಾಗ ಮೇನ್ ಆಫ್ ಮಾಡುವ ಅಭ್ಯಾಸ ನಿಮ್ಮ ಕಡೆ ಹೇಗೂ ಇದೆ ಅಲ್ವಾ? ಸುಮ್ನೆ ಅತಿಥಿಗಳ ಕೋಣೆಯಲ್ಲಿ ತಿರುಗುವ ಫ್ಯಾನ್ ಆದರೆ ಹಳೆಯದೇ ಸಾಕು.

ಪ್ರಶ್ನೆ: ಹದಿನೈದು ವರ್ಷದ ಗೀಸರ್ ಬದಲಿಸಿ ಫೈವ್ ಸ್ಟಾರ್ ಹಾಕಿಸಿದರೆ ಬಿಲ್ ಇಳಿಯುತ್ತದಾ?
- ಓದುಗರು, ಬೆಂಗಳೂರು

ಉತ್ತರ: ಹೆಚ್ಚೇನೂ ಇಳಿಯುವುದಿಲ್ಲ. ಹಳೇ ಕಾಯಿಲ್ ಆದರೂ ಎಳೆದ ಕರೆಂಟೆಲ್ಲ ಬಿಸಿಯೇ ಆಗುತ್ತದೆ. ಗೀಸರ್‌ಗೆ ಸ್ಟಾರ್ ಕೊಡುವುದು ಟ್ಯಾಂಕ್ ನೀರಿನ ಬಿಸಿಯನ್ನು ಎಷ್ಟು ಹಿಡಿದಿಡುತ್ತದೆ ಅನ್ನುವುದಕ್ಕೆ. ನೀವು ಹಾಕಿ, ಸ್ನಾನ ಮಾಡಿ, ಆಫ್ ಮಾಡುವವರಾದರೆ ಲಾಭ ಅಷ್ಟಕ್ಕಷ್ಟೇ. ಬೋರ್‌ವೆಲ್ ನೀರಾದರೆ ಕಾಯಿಲ್ ಮೇಲೆ ಕಟ್ಟಿದ ಬಿಳಿ ಪದರ ತೆಗೆಸಿ, ಜೊತೆಗೆ ಥರ್ಮೋಸ್ಟಾಟ್, ಸೇಫ್ಟಿ ವಾಲ್ವ್ ಎರಡೂ ಕೆಲಸ ಮಾಡುತ್ತಿವೆಯಾ ನೋಡಿಸಿ. ಟ್ಯಾಂಕ್ ತುಕ್ಕು ಹಿಡಿದು ತೊಟ್ಟಿಕ್ಕುತ್ತಿದ್ದರೆ ಮಾತ್ರ ತಡಮಾಡದೆ ಬದಲಿಸಿ.