ಡ್ರಿಪ್ ದಿನಕ್ಕೆ ಎಷ್ಟು ಗಂಟೆ ಬಿಡಬೇಕು?

ಟೊಮೇಟೊಗೆ ನಾಟಿಯಿಂದಲೂ ದಿನಾ ಒಂದು ಗಂಟೆ ಡ್ರಿಪ್, ಈಗ ಕಾಯಿ ಕಚ್ಚಿದ ಮೇಲೆ ಗಿಡ ಮಧ್ಯಾಹ್ನ ಬಾಡುತ್ತಿದೆ, ಒಂದೂವರೆ ಗಂಟೆ ಮಾಡಲೇ ಎಂದು ಕೇಳಿದ್ದೀರಿ. ನಾನೂ ಟೈಮರ್ ಇಟ್ಟು ಟೊಮೇಟೊ ಬೆಳೆದವನೇ. ಮೊದಲು ಗಂಟೆ ಲೆಕ್ಕ ಬಿಡಿ, ಮಿಲಿಮೀಟರ್ ಲೆಕ್ಕ ಹಿಡಿಯಿರಿ.

ಮಣ್ಣಿನಿಂದ ಆವಿಯಾಗುವ ನೀರು, ಎಲೆಗಳಿಂದ ಹೊರಬೀಳುವ ನೀರು ಎರಡೂ ಸೇರಿದ್ದೇ ಇಟಿ (ಇವಾಪೊಟ್ರಾನ್ಸ್‌ಪಿರೇಶನ್); ಇದನ್ನು ದಿನಕ್ಕೆ ಇಷ್ಟು ಮಿ.ಮೀ. ಎಂದು ಅಳೆಯುತ್ತಾರೆ. 1 ಮಿ.ಮೀ. ಎಂದರೆ ಚದರ ಮೀಟರಿಗೆ 1 ಲೀಟರ್. ಹವಾಮಾನ ಕೇಂದ್ರ ಕೊಡುವ ಇಟಿ ಅಂಕಿ ಮಾತ್ರ ನಿಮ್ಮ ಬೆಳೆಯದ್ದಲ್ಲ; ನೀರಿನ ಕೊರತೆಯಿಲ್ಲದೆ ಬೆಳೆದ, 12 ಸೆಂ.ಮೀ. ಎತ್ತರದ ಹುಲ್ಲಿನದು. ಎಡವುವುದೇ ಇಲ್ಲಿ. ಅದನ್ನು ಬೆಳೆ ಗುಣಾಂಕದಿಂದ, ಅಂದರೆ ಹುಲ್ಲಿಗೆ ಹೋಲಿಸಿದರೆ ಬೆಳೆ ಎಷ್ಟು ಪಟ್ಟು ನೀರು ಬಳಸುತ್ತದೆ ಎಂಬ ಸಂಖ್ಯೆಯಿಂದ, ಗುಣಿಸಲೇಬೇಕು. ಟೊಮೇಟೊ ಸಸಿಗೆ 0.6, ಕಾಯಿ ತುಂಬುವಾಗ 1.15. ಸಸಿಯ ಎಲೆ ನೆಲವನ್ನೇ ಮುಚ್ಚಿರುವುದಿಲ್ಲ, ತುಂಬಿದ ಗಿಡ ಹುಲ್ಲಿಗಿಂತ ಹೆಚ್ಚು ಕುಡಿಯುತ್ತದೆ. ಬಿಸಿಲು, ಗಾಳಿ ಒಂದೇ ಇದ್ದರೂ ಬೇಡಿಕೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಟೈಮರ್ ಮಾತ್ರ ನಾಟಿಯ ದಿನದಲ್ಲೇ ನಿಂತಿರುತ್ತದೆ.

ಹುಲ್ಲಿನ ಅಂಕಿ ದಿನಕ್ಕೆ 5.6 ಮಿ.ಮೀ. ಎಂದುಕೊಳ್ಳಿ. 1.15ರಿಂದ ಗುಣಿಸಿದರೆ 6.44. ನೀರೆಲ್ಲ ಬೇರಿಗೆ ಸೇರುವುದಿಲ್ಲ, ಹಾಗಾಗಿ 0.9ರಿಂದ ಭಾಗಿಸಿ: ಸುಮಾರು 7.2. ಲ್ಯಾಟರಲ್ (ಸಾಲಿನುದ್ದಕ್ಕೂ ಎಳೆದ ಡ್ರಿಪ್ ಪೈಪು) ಅಂತರ 1.2 ಮೀಟರ್, ಡ್ರಿಪ್ಪರ್ (ಅದರಲ್ಲಿ ನೀರು ತೊಟ್ಟಿಕ್ಕುವ ರಂಧ್ರ) ಅಂತರ 40 ಸೆಂ.ಮೀ., ಡ್ರಿಪ್ಪರ್ ಗಂಟೆಗೆ 2 ಲೀಟರಿನದಾದರೆ ಗಂಟೆಗೆ ಬೀಳುವುದು 4.17 ಮಿ.ಮೀ. ಅಂದರೆ 1 ಗಂಟೆ 43 ನಿಮಿಷ ಬಿಡಬೇಕು. ಸಸಿಗೆ ಇದೇ ಲೆಕ್ಕ 54 ನಿಮಿಷಕ್ಕೆ ಬರುತ್ತದೆ. ನಿಮ್ಮ ಒಂದು ಗಂಟೆ ಆಗ ಸಾಕಾಗಿದ್ದು ಅದಕ್ಕೇ. ಮಳೆ ಬಂದರೆ ಬೇರಿಗೆ ಇಳಿದಷ್ಟನ್ನು ಕಳೆಯಿರಿ.

ಡ್ರಿಪ್ಪರ್ ಮೇಲೆ ಅಚ್ಚಾದ ಸಂಖ್ಯೆಯನ್ನು ನಂಬಬೇಡಿ. ಲ್ಯಾಟರಲ್‌ನ ಆರಂಭ, ನಡು, ಕೊನೆಯಲ್ಲಿ ಒಂದೊಂದು ಲೋಟ ಇಟ್ಟು 6 ನಿಮಿಷ ನೀರು ಹಿಡಿಯಿರಿ. ಪ್ರತಿ ಲೋಟದಲ್ಲೂ 200 ಮಿ.ಲೀ. ಇರಬೇಕು. ಕೊನೆಯ ಲೋಟದಲ್ಲಿ 140 ಮಾತ್ರ ಇದ್ದರೆ ಸಮಯ ಹೆಚ್ಚಿಸಿ ಪ್ರಯೋಜನವಿಲ್ಲ. ಫಿಲ್ಟರ್ ತೊಳೆದು, ಲ್ಯಾಟರಲ್‌ನ ತುದಿ ಬಿಚ್ಚಿ ಕೆಸರು ಹರಿಯಬಿಟ್ಟು, ಒತ್ತಡ ನೋಡಿ.

ಇನ್ನು ಬಾಡುವ ವಿಚಾರ. ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡರೆ ಅದೊಂದರಿಂದಲೇ ನೀರು ಸಾಲದು ಎನ್ನಲಾಗದು. ಬೆಳಗಿನ ಜಾವ ನೋಡಿ, 20 ಸೆಂ.ಮೀ. ಅಗೆದು ಮಣ್ಣು ಹಿಂಡಿ. ಉಂಡೆಯಾಗದೆ ಉದುರಿದರೆ ನೀರು ಸಾಲದು. ಮಣ್ಣು ಒದ್ದೆಯಿದ್ದೂ ಗಿಡ ಬೆಳಿಗ್ಗೆಯೇ ಬಾಡಿದ್ದರೆ ಬೇರಿಗೆ ಗಾಳಿಯಿಲ್ಲ, ಇಲ್ಲವೇ ರೋಗ ತಗುಲಿದೆ. ಆಗ ಒಂದು ನಿಮಿಷವೂ ಹೆಚ್ಚಿಸಬೇಡಿ.